ಮುಂದಿನ ಕಂಬಕ್ಕೆ

ಜುಲೈ 6, ಭಾನುವಾರ

ಅತ್ತೆಯ ಬಿ.ಪಿ. ಮಾತ್ರೆ ಮುಗಿದಿತ್ತು. ಇಡೀ ಪೇಟೆಗೆ ಇರುವುದೊಂದೇ ಔಷಧಿ ಅಂಗಡಿ, ನಾನು ಕೆಲಸ ಮಾಡುವ ಲಾಂಡ್ರಿಯ ಎದುರಿಗೆ, ಅದು ಅವಳದು. ಬೇರೆ ದಾರಿಯಿಲ್ಲದೆ ಹೋದೆ. ಕೆಮ್ಮಿನ ಔಷಧಿಯ ಬಾಟಲಿಗಳ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಎತ್ತರದಲ್ಲಿ, ಆ ಟ್ರೋಫಿ ಇಟ್ಟುಕೊಂಡಿದ್ದಾಳೆ. ಜನ ಕೆಮ್ಮಿಗೆ ಬರಲಿ, ಭೇದಿಗೆ ಬರಲಿ, ಮೊದಲು ಅದರ ದರ್ಶನವಾಗಬೇಕು. "ಹೇಗಿದ್ದೀರಿ ಅಕ್ಕ? ಮಂಡಿ ನೋವು ಕಡಿಮೆ ಆಯ್ತಾ?" ಅಂತ ಕೇಳಿದಳು. ನನಗೆ ಮಂಡಿ ನೋವು ಯಾವತ್ತೂ ಇರಲಿಲ್ಲ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ನಾನು ಅವಳಿಗೆ ಇಟ್ಟಿರುವ ಹೆಸರು ಗುಳಿಗೆ. ಮೇಲೆ ಸಕ್ಕರೆ ಸವರಿರುತ್ತದಲ್ಲ, ಆ ಥರದ್ದು. ಕಹಿ ಗೊತ್ತಾಗಬೇಕಾದರೆ ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಳ್ಳಬೇಕು.

ವರ್ಷವಾಗುತ್ತಾ ಬಂತು, ಆದರೂ ನೆನೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಪ್ರತಿವರ್ಷ ನವೆಂಬರ್ ಮೊದಲ ಭಾನುವಾರ ನಮ್ಮಲ್ಲಿ ದಂಡೆ ಓಟ. ಹೆಂಗಸರಲ್ಲಿ ಗೆದ್ದವಳ ಹತ್ತಿರ ಟ್ರೋಫಿ ಮುಂದಿನ ಓಟದವರೆಗೆ ಇರುತ್ತದೆ. ಪೇಟೆ ಚೌಕದಿಂದ ಹೊರಟು, ಕಡಲ ದಂಡೆಯ ರಸ್ತೆ ಹಿಡಿದು ಲೈಟ್‌ಹೌಸಿನವರೆಗೆ ಹೋಗಿ, ತಿರುಗಿ ಚೌಕಕ್ಕೆ ಬರಬೇಕು. ಒಟ್ಟು ಮೂವತ್ತು ಕಿಲೋಮೀಟರ್. ಗಾಳಿ ಹೋಗುವಾಗ ಬೆನ್ನಿಗೆ ಕೈಯಿಟ್ಟು ನೂಕುತ್ತದೆ, ಬರುವಾಗ ಎದೆಗೆ ಕೈಯಿಟ್ಟು ನೂಕುತ್ತದೆ. ಒಬ್ಬರೇ ವಾಪಸ್ ಬರುವುದು ಅಂದರೆ ಅರ್ಧ ಜೀವ ಅಲ್ಲೇ ಬಿಟ್ಟು ಬರುವುದು. ಅದಕ್ಕೇ ಇಲ್ಲಿ ಓಡುವವರಲ್ಲಿ ಒಂದು ರೂಢಿಯಿದೆ, ಕಂಬಕ್ಕೆ ಕಂಬ ಅಂತ. ಇಬ್ಬರು ಜೊತೆಯಾಗುತ್ತಾರೆ. ಒಂದು ಕರೆಂಟು ಕಂಬದಿಂದ ಇನ್ನೊಂದರವರೆಗೆ ಒಬ್ಬರು ಮುಂದೆ ಓಡಿ ಗಾಳಿ ತಡೆಯುತ್ತಾರೆ, ಇನ್ನೊಬ್ಬರು ಅವರ ಬೆನ್ನ ಮರೆಯಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕಂಬ ಬಂದ ಕೂಡಲೇ ಮುಂದಿನವರು ಪಕ್ಕಕ್ಕೆ ಸರಿಯಬೇಕು, ಹಿಂದಿನವರು ಮುಂದೆ ಬರಬೇಕು. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ. ಇದನ್ನು ಮುರಿದವರನ್ನೂ ನಾನು ಕಂಡಿರಲಿಲ್ಲ.

ಕಳೆದ ವರ್ಷ ಗುಳಿಗೆ ನನಗೆ ಜೊತೆಯಾದಳು. ಮೊದಲ ಕಂಬ ನಾನು ಮಾಡಿದೆ. ಕಂಬ ಬಂತು, ಪಕ್ಕಕ್ಕೆ ಸರಿದೆ. ಅವಳೂ ನನ್ನ ಹಿಂದೆಯೇ ಸರಿದಳು. "ಮುಂದಿನ ಕಂಬಕ್ಕೆ, ಅಕ್ಕ" ಅಂದಳು. ಮುಂದಿನ ಕಂಬಕ್ಕೆ ಕಣ್ಣಿಗೆ ಮರಳು ಬಿತ್ತಂತೆ. ಅದರ ಮುಂದಿನದಕ್ಕೆ ಪಕ್ಕೆ ಹಿಡಿಯಿತಂತೆ. ನಾನೊಬ್ಬಳು ಪೆದ್ದಿ, ನಂಬಿಕೊಂಡು ಓಡಿದೆ. ಚೌಕದ ತಿರುವಿಗೆ ಬರುವಷ್ಟರಲ್ಲಿ ನನ್ನ ಕಾಲು ಕೊರಡಾಗಿದ್ದವು. ಅವಳು ಆಗ ತಾನೇ ನಿದ್ದೆಯಿಂದ ಎದ್ದವಳ ಹಾಗೆ ಪಕ್ಕದಿಂದ ಹೊರಟಳು. ಹೋಗುತ್ತಾ ತಿರುಗಿ ಹೇಳಿದಳು: "ಥ್ಯಾಂಕ್ಸ್ ಅಕ್ಕ. ನೀವಿಲ್ದಿದ್ರೆ ಆಗ್ತಿರ್ಲಿಲ್ಲ."

ಹತ್ತಿದ ಏಣಿಯನ್ನು ಒದೆಯುವವರನ್ನು ನೋಡಿದ್ದೇನೆ. ಒದ್ದ ಮೇಲೆ ಏಣಿಗೆ ಥ್ಯಾಂಕ್ಸ್ ಹೇಳಿದವಳನ್ನು ಅವತ್ತೇ ನೋಡಿದ್ದು. ಈ ವರ್ಷ ನಾನು ಅವಳ ಬೆನ್ನಿಗೆ ಅಂಟಿಕೊಂಡು ಬರುತ್ತೇನೆ. ಅದೇ ತಿರುವಿನಲ್ಲಿ, ಅದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಸಿಟ್ಟು ಆರಬಾರದು ಅಂತ ಈ ಡೈರಿ ಶುರು ಮಾಡಿದ್ದೇನೆ.

ಜುಲೈ 9

ಬೆನ್ನ ಹಿಂದೆ ಓಡುವುದೂ ಒಂದು ವಿದ್ಯೆ. ಎಷ್ಟು ಹತ್ತಿರ ಇರಬೇಕು, ಗಾಳಿ ಓರೆಯಾದರೆ ಯಾವ ಪಕ್ಕಕ್ಕೆ ಸರಿಯಬೇಕು, ಮುಂದಿನವರ ಹಿಮ್ಮಡಿ ತುಳಿಯದ ಹಾಗೆ ಹೆಜ್ಜೆ ಹೇಗೆ ಹಾಕಬೇಕು, ಒಂದೂ ನನಗೆ ಗೊತ್ತಿಲ್ಲ. ನಾನು ಯಾವತ್ತೂ ನನ್ನ ಪಾಲಿನ ಕಂಬ ತಪ್ಪಿಸಿದವಳಲ್ಲ. ಅಭ್ಯಾಸಕ್ಕೆ ಒಂದು ಬೆನ್ನು ಬೇಕಾಗಿತ್ತು. ನಿನ್ನೆ ಇವರನ್ನು ಎಬ್ಬಿಸಿಕೊಂಡು ಹೋದೆ. ಊರಿನ ಪಂಪುಗಳನ್ನೆಲ್ಲ ರಿಪೇರಿ ಮಾಡುವವರಿಗೆ ತಮ್ಮ ಎದೆಯೊಳಗಿನ ಪಂಪಿನ ಗತಿ ಗೊತ್ತಿರಲಿಲ್ಲ. ಎರಡನೇ ಕಂಬಕ್ಕೆ ಕೂತುಬಿಟ್ಟರು. ನೀನು ಹೋಗುತ್ತಿರುವುದು ಓಟಕ್ಕೋ ಯುದ್ಧಕ್ಕೋ ಅಂತ ಕೇಳಿದರು.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಬೆನ್ನು ಮನೆಯ ಮಹಡಿಯ ಮೇಲೇ ಇತ್ತು. ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಎತ್ತರ ಅಂದರೆ ಎತ್ತರ, ಅಗಲ ಅಂದರೆ ಅಗಲ. ಬಾಗಿಲಲ್ಲಿ ನಿಂತರೆ ಒಳಗೆ ಲೈಟು ಹಾಕಬೇಕು. ಲಾಂಡ್ರಿಯಲ್ಲಿ ನನ್ನ ಜೊತೆಗೇ ಕೆಲಸ. ಆಸ್ಪತ್ರೆಯಿಂದ ಬರುವ ಉದ್ದುದ್ದದ ಬೆಡ್‌ಶೀಟುಗಳನ್ನು ಇಬ್ಬರು ಸೇರಿ ಮಡಿಸುತ್ತೇವೆ. ಒಬ್ಬರು ಅಂಚು ಹಿಡಿದು ನಿಲ್ಲಬೇಕು, ಇನ್ನೊಬ್ಬರು ತಮ್ಮ ಅಂಚು ತಂದು ಕೂಡಿಸಿ, ಮತ್ತೆ ಹಿಂದೆ ಹೋಗಿ ಮಡಿಕೆ ಹಿಡಿದು ಮತ್ತೆ ಬರಬೇಕು. ಹಿರಿಯವಳು ನಿಲ್ಲುವುದು, ಕಿರಿಯವಳು ನಡೆಯುವುದು, ಮೊದಲಿನಿಂದಲೂ ಹಾಗೇ. ಅವಳು ಅಂಚು ಕೂಡಿಸಲು ಬಂದಾಗ ವಿಷಯ ಎತ್ತಿದೆ. ಬಸ್ಸು ಹೊರಟರೂ ಓಡದ ಹೆಣ್ಣು ಅದು, ಇನ್ನೊಂದು ಬರುತ್ತೆ ಬಿಡಿ ಅನ್ನುವವಳು.

"ನಾನಾ? ಅಕ್ಕ, ನಾನು ಓಡಿದ್ರೆ ರಸ್ತೆ ಬಿರುಕು ಬಿಡುತ್ತೆ" ಅಂದಳು.

ಬಿಟ್ಟರೆ ಬಿಡಲಿ, ನಮ್ಮಪ್ಪನ ಮನೆ ರಸ್ತೆಯಲ್ಲ ಅಂದೆ.

ಜುಲೈ 14

ಬೆಳಿಗ್ಗೆ ಮಹಡಿ ಹತ್ತಿ ಬಾಗಿಲು ತಟ್ಟಿ ಎಬ್ಬಿಸಿದೆ. ಮೂರು ಕಂಬ ಓಡಿದಳು, ನಾಲ್ಕನೆಯದನ್ನು ತಬ್ಬಿಕೊಂಡು ನಿಂತಳು. ಆದರೆ ಆ ಮೂರು ಕಂಬದಲ್ಲಿ ನಾನು ಕಂಡದ್ದು ಸ್ವರ್ಗ. ಗಾಳಿ ಅವಳ ಎರಡು ಭುಜದ ಮೇಲಿಂದ ಹಾದು ಹೋಗುತ್ತದೆ, ನನ್ನ ತಲೆಗೂದಲೂ ಅಲುಗುವುದಿಲ್ಲ. ಹದಿನೈದು ಕಿಲೋಮೀಟರ್ ಆ ಗುಳಿಗೆ ಇಂಥ ಸುಖದಲ್ಲಿ ಬಂದಳಲ್ಲ ಅಂತ ಸಿಟ್ಟು ಇನ್ನೂ ಏರಿತು.

ಈ ಡೈರಿಯಲ್ಲಿ ವಾರಗಿತ್ತಿಯನ್ನು ಗೋಡೆ ಅಂತಲೇ ಕರೆಯುತ್ತೇನೆ. ಅವಳು ಓದುವುದಿಲ್ಲ.

ಜುಲೈ 15

ಗೋಡೆಗೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರಿ ಇಳಿದಳು. ಅತ್ತೆ ನನ್ನನ್ನು ಬೈದರು. ನಾಳೆ ರಜೆ ಕೊಡುತ್ತೇನೆ ಅಂದೆ.

ಆಗಸ್ಟ್ 3, ಭಾನುವಾರ

ಇವತ್ತು ಲೈಟ್‌ಹೌಸಿನ ಅರ್ಧ ದಾರಿಯವರೆಗೆ ಹೋಗಿ ಬಂದೆವು. ಬರುವಾಗ ಪೂರ್ತಿ ಅವಳೇ ಮುಂದೆ. ಒಮ್ಮೆಯೂ ನಿಲ್ಲಲಿಲ್ಲ. ದಂಡೆಯ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ಗೋಡೆ ಬಾಯಿ ಬಿಟ್ಟಳು. ಈ ಓಟದಲ್ಲಿ ಮೊದಲ ಮೂರು ಹೆಂಗಸರನ್ನು ಡಿಸೆಂಬರಿನ ದೊಡ್ಡ ಊರಿನ ಓಟಕ್ಕೆ ಕಳಿಸುತ್ತಾರಂತಲ್ಲ, ಹೌದಾ ಅಂತ ಕೇಳಿದಳು. ಹೌದು, ರೈಲಿನಲ್ಲಿ, ಎರಡು ರಾತ್ರಿ ಹೋಟೆಲು ಕೂಡ ಅಂದೆ.

"ನಾನು ರೈಲು ಹತ್ತಿಲ್ಲ ಅಕ್ಕ" ಅಂದಳು. "ನೀವು ಮೊದಲು ಬನ್ನಿ, ಬೇಕಾದ್ರೆ ಆ ಔಷಧಿ ಅಂಗಡಿಯವಳು ಎರಡನೆಯವಳಾಗ್ಲಿ. ನಂಗೆ ಮೂರನೇದು ಸಾಕು. ಹತ್ತಿ, ಕಿಟಕಿ ಪಕ್ಕ ಕೂತ್ಕೋಬೇಕು ಅಷ್ಟೇ."

ನಗು ಬಂತು, ಆದರೆ ನಗಲಿಲ್ಲ. ನನಗೆ ಅವಳ ಬೆನ್ನು ಇನ್ನೂ ಮೂರು ತಿಂಗಳು ಬೇಕು. ಈಗ ನೀನು ಮುಂದೆ ಓಡಿ ಗಟ್ಟಿಯಾಗು, ಸ್ಪರ್ಧೆಯ ದಿನ ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ವಾಪಸ್ ಬರುವಾಗ ಮುಂದೆ ಗುಳಿಗೆ, ಅವಳ ಹಿಂದೆ ನಾನು, ನನ್ನ ಹಿಂದೆ ನೀನು. ಗಾಳಿ ಹೇಗಿರುತ್ತೆ ಅಂತಲೂ ನಿನಗೆ ಗೊತ್ತಾಗುವುದಿಲ್ಲ. ಗುಳಿಗೆ ಮುಂದೆ ಸಿಗದಿದ್ದರೆ ನಾವಿಬ್ಬರೇ ಕಂಬಕ್ಕೆ ಕಂಬ, ಮೊದಲ ಕಂಬ ನನ್ನದೇ. ಅವಳು ನನ್ನ ಕೈ ಹಿಡಿದುಕೊಂಡು ಎರಡು ಸಲ ಕೇಳಿದಳು. ಎರಡು ಸಲವೂ ಹೂಂ ಅಂದೆ.

ಆಗಸ್ಟ್ 20

ಗುಳಿಗೆ ಟ್ರೋಫಿಯನ್ನು ಇನ್ನೊಂದು ಹಲಗೆ ಮೇಲಕ್ಕೆ ಏರಿಸಿದ್ದಾಳೆ. ಲಾಂಡ್ರಿಯ ಕಿಟಕಿಯಿಂದ ಈಗ ನೇರ ಕಣ್ಣಿಗೇ ಹೊಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ ಮರೆತು ಒಂದು ದಿಂಬಿನ ಚೀಲ ಸುಟ್ಟೆ. ಲಾಂಡ್ರಿಯ ಯಜಮಾನರು ಅರ್ಧ ಗಂಟೆ ಬೈದರು. ಅದನ್ನೂ ಅವಳ ಲೆಕ್ಕಕ್ಕೇ ಬರೆದಿದ್ದೇನೆ.

ಸ್ನಾನದ ಮನೆಯಲ್ಲಿ ಮಾತು ಅಭ್ಯಾಸ ಮಾಡಿದೆ. ಥ್ಯಾಂಕ್ಸ್ ಕಣ್ರೀ, ನೀವಿಲ್ದಿದ್ರೆ ಆಗ್ತಿರ್ಲಿಲ್ಲ. ನಗುತ್ತಾ ಹೇಳಬೇಕೋ ನಗದೆಯೋ ಇನ್ನೂ ತೀರ್ಮಾನವಾಗಿಲ್ಲ. ಯಾರ ಜೊತೆ ಮಾತು ಅಂತ ಅತ್ತೆ ಹೊರಗಿನಿಂದ ಕೇಳಿದರು.

ಸೆಪ್ಟೆಂಬರ್ 7, ಭಾನುವಾರ

ಗಾಳಿ ಏರಿದೆ. ಇವತ್ತು ದಂಡೆಯ ಮೇಲೆ ನಿಲ್ಲಲೂ ಆಗುತ್ತಿರಲಿಲ್ಲ. ಮೀನಿನ ಖಾಲಿ ಬುಟ್ಟಿಗಳು ರಸ್ತೆಯ ಮೇಲೆ ತಾವೇ ಓಡುತ್ತಿದ್ದವು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಗೋಡೆ ತಿರುಗಿ ನೋಡದೆಯೇ ಕೇಳಿದಳು, ಒಂದೇ ಒಂದು ಕಂಬ ನೀವು ಬರ್ತೀರಾ ಅಕ್ಕ, ತುಟಿ ಒಡೀತಾ ಇದೆ ಅಂತ. ನಾನು ಮುಂದೆ ಹೋದರೆ ಅಭ್ಯಾಸದ ಹದ ಕೆಡುತ್ತದೆ. ಸ್ಪರ್ಧೆಯ ದಿನ ಎಲ್ಲ ಸೇರಿಸಿ ಕೊಡುತ್ತೇನೆ ಅಂದೆ. ಅವಳು ಸುಮ್ಮನೆ ಓಡಿದಳು. ಒಳ್ಳೆಯ ಹುಡುಗಿ, ಹೇಳಿದ ಮಾತು ಕೇಳುತ್ತಾಳೆ.

ಮನೆಗೆ ಬಂದಾಗ ಅವಳ ಮುಖದ ತುಂಬ ಉಪ್ಪು, ಮರಳು. ನನ್ನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅತ್ತೆ ಒಬ್ಬರ ಮುಖ ಆದ ಮೇಲೆ ಒಬ್ಬರ ಮುಖ ನೋಡಿದರು.

"ಇಬ್ಬರೂ ಒಂದೇ ರಸ್ತೇಲಿ ಓಡಿದ್ರಾ?" ಎಂದು ಕೇಳಿದರು.

ವಯಸ್ಸಾದ ಮೇಲೆ ಎಲ್ಲದರಲ್ಲೂ ಕೊಂಕು. ಬೆಣ್ಣೆಯಲ್ಲೂ ಕಲ್ಲು ಹುಡುಕುತ್ತಾರೆ.

ಸೆಪ್ಟೆಂಬರ್ 28

ವಿಚಿತ್ರ. ಇವತ್ತು ನಾನೇ ಗೋಡೆಗೆ ಸ್ವಲ್ಪ ನಿಧಾನ ಕಣೇ ಅನ್ನಬೇಕಾಯಿತು. ಅವಳಿಗೆ ಉಸಿರೇ ಏರಿರಲಿಲ್ಲ, ಏನೋ ಹಾಡು ಗುನುಗುತ್ತಿದ್ದಳು. ನಿನ್ನೆ ಲಾಂಡ್ರಿಗೆ ಹೋಗುವಾಗ ಬಸ್ಸಿನ ಹಿಂದೆ ಓಡಿ ಹಿಡಿದಳು, ನಾನು ಹಿಂದೆ ಉಳಿದೆ. ನನಗೆ ಸಿಟ್ಟು ಬರಲಿಲ್ಲ. ಗೋಡೆ ಎಷ್ಟು ಗಟ್ಟಿಯಾದರೆ ಮರೆಯಲ್ಲಿ ಇರುವವರಿಗೆ ಅಷ್ಟು ಒಳ್ಳೆಯದು.

ಅಕ್ಟೋಬರ್ 19, ಭಾನುವಾರ

ಮತ್ತೆ ಅತ್ತೆಯ ಮಾತ್ರೆ. ಗುಳಿಗೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, ಈ ಸಲ ನಾವಿಬ್ಬರೂ ಸರಿಯಾಗಿ ಕಂಬಕ್ಕೆ ಕಂಬ ಮಾಡೋಣ, ಹೋದ ಸಲ ನಂಗೆ ಹುಷಾರಿರಲಿಲ್ಲ ಅಂದಳು. ಆಗಲಿ, ಅದಕ್ಕೇನಂತೆ ಅಂದೆ. ನಾನೂ ನಕ್ಕೆ. ನನ್ನ ನಗು ಅವಳದಕ್ಕಿಂತ ಚೆನ್ನಾಗಿ ಬಂತು ಅನ್ನಿಸುತ್ತದೆ, ಯಾಕೆಂದರೆ ಒಂದು ಕೆಮ್ಮಿನ ಮಿಠಾಯಿ ಪುಕ್ಕಟೆ ಕೊಟ್ಟಳು. ಹೊರಗೆ ಬಂದು ಅದನ್ನು ಚರಂಡಿಗೆ ಹಾಕಿದೆ.

ನಾನು ಕಾಯುತ್ತಿದ್ದೇನೆ. ಅವಳ ಕಾಲು ಕೊರಡಾಗುವುದನ್ನು ಹಿಂದಿನಿಂದ ನೋಡಬೇಕು. ಅವಳ ಮುಖದಲ್ಲಿ ಅದು ಅರ್ಥವಾಗುವ ಒಂದು ಗಳಿಗೆ ಇರುತ್ತದಲ್ಲ, ಅದೊಂದನ್ನು ಕಣ್ಣಾರೆ ನೋಡಿಬಿಟ್ಟರೆ ಆಮೇಲೆ ಜೀವನದಲ್ಲಿ ಏನೂ ಕೇಳುವುದಿಲ್ಲ.

ನವೆಂಬರ್ 1

ಗೋಡೆ ಸಂಜೆ ಕೆಳಗೆ ಬಂದು ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಮೊದಲೇ ಕೇಳಬೇಕಾ ಅಂತ ಕೇಳಿದಳು. ಮೊದಲು ನಾಳೆ ಓಡು ಅಂದೆ. ಹೊರಗೆ ತಗಡುಗಳು ಈಗಲೇ ಹೊಡೆದುಕೊಳ್ಳುತ್ತಿವೆ. ಬೀಸಲಿ. ಎಷ್ಟು ಬೀಸುತ್ತದೋ ಅಷ್ಟು ಒಳ್ಳೆಯದು.

ನವೆಂಬರ್ 2, ಭಾನುವಾರ

ಗೆದ್ದೆ. ಟ್ರೋಫಿ ಇಲ್ಲೇ ಮೇಜಿನ ಮೇಲಿದೆ, ನೋಡುತ್ತಲೇ ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆಯುತ್ತೇನೆ, ಮುದುಕಿಯಾದ ಮೇಲೆ ಓದಿ ಓದಿ ಖುಷಿ ಪಡಬೇಕು.

ಹೋಗುವಾಗ ಗಾಳಿ ಎಲ್ಲರನ್ನೂ ಎತ್ತಿಕೊಂಡೇ ಹೋಯಿತು. ಲೈಟ್‌ಹೌಸಿನಲ್ಲಿ ತಿರುಗುವಾಗ ಹೆಂಗಸರಲ್ಲಿ ಗುಳಿಗೆ ಮೊದಲು, ನಾನು ಅವಳ ಹಿಂದೆ, ನನ್ನ ಹಿಂದೆ ಗೋಡೆ. ಅಂದುಕೊಂಡ ಹಾಗೆಯೇ. ತಿರುಗಿದೆವೋ ಇಲ್ಲವೋ, ಗಾಳಿ ಕೆನ್ನೆಗೆ ಬಾರಿಸಿತು. ನಾನು ಗುಳಿಗೆಯ ಬೆನ್ನಿಗೆ ಅಂಟಿಕೊಂಡೆ. ಕಂಬ ಬಂತು. ಅವಳು ಪಕ್ಕಕ್ಕೆ ಸರಿದಳು, ನಾನೂ ಸರಿದೆ. "ಮುಂದಿನ ಕಂಬಕ್ಕೆ" ಅಂದೆ. ಆಹಾ, ಆ ಮಾತು ಬಾಯಲ್ಲಿ ಎಷ್ಟು ರುಚಿಯಾಗಿತ್ತು.

ಆದರೆ ಒಬ್ಬ ಕಳ್ಳಿಗೆ ಇನ್ನೊಬ್ಬ ಕಳ್ಳಿಯ ಹೆಜ್ಜೆ ಗೊತ್ತಾಗದೆ ಇರುತ್ತದೆಯೇ. ಅವಳು ಹಿಂದೆ ತಿರುಗಿ ನನ್ನನ್ನು ನೋಡಿದಳು, ನೋಡಿ ಓಟ ನಿಧಾನ ಮಾಡಿದಳು. ನಾನೂ ನಿಧಾನ ಮಾಡಿದೆ. ಅವಳು ನಡೆದಳು. ನಾನೂ ನಡೆದೆ. ಅವಳು ಲೇಸು ಕಟ್ಟಲು ಬಗ್ಗಿದಳು, ನಾನೂ ಬಗ್ಗಿ ನನ್ನ ಲೇಸು ಕಟ್ಟಿದೆ. ಗಾಳಿಯಲ್ಲಿ ನಡುರಸ್ತೆಯಲ್ಲಿ ಇಬ್ಬರು ಹೆಂಗಸರು ನೀ ಮುಂದೆ, ನೀ ಮುಂದೆ ಅಂತ ಕುಕ್ಕರಗಾಲಲ್ಲಿ ಕೂತಿದ್ದೆವು. ಹಿಂದೆ ಅಂಚೆ ಕಚೇರಿಯ ಹುಡುಗಿ ಹತ್ತಿರ ಬರುತ್ತಿದ್ದಳು.

ಆಗ ಗೋಡೆ ಬಂದು ನನ್ನ ಪಕ್ಕ ನಿಂತಳು. "ಅಕ್ಕ, ಹೀಗಾದ್ರೆ ಎಲ್ರೂ ನಮ್ಮನ್ನ ದಾಟ್ತಾರೆ. ಒಂದು ಕಂಬ ನಾನು ಹೋಗ್ತೀನಿ, ಆಮೇಲೆ ನೀವು ಬನ್ನಿ" ಅಂದು ಹೊರಟೇಬಿಟ್ಟಳು. ನಾನು ಎದ್ದು ಅವಳ ಬೆನ್ನು ಹಿಡಿದೆ. ಗುಳಿಗೆ ಎದ್ದು ನನ್ನ ಬೆನ್ನು ಹಿಡಿದಳು.

ಕಂಬ ಬಂತು. ಗೋಡೆ ಪಕ್ಕಕ್ಕೆ ಸರಿದಳು. ಈಗ ನಾನು ಮುಂದೆ ಹೋದರೆ ಏನಾಗುತ್ತದೆ? ನನ್ನ ಶಕ್ತಿ ಖರ್ಚು, ಲಾಭ ಗುಳಿಗೆಗೆ. ಅದಕ್ಕಾಗಿಯೇ ನಾನೂ ಸರಿದೆ. ಮುಂದಿನ ಕಂಬಕ್ಕೆ ಕಣೇ ಅಂದೆ. ಅವಳು ಹೂಂ ಅಂದಳು. ಮುಂದಿನದಕ್ಕೂ ಹಾಗೇ ಆಯಿತು. ಅದರ ಮುಂದಿನದಕ್ಕೆ ಗುಳಿಗೆ ಕಡೆ ಕಣ್ಣು ತೋರಿಸಿ, ಗೊತ್ತಾಯ್ತಲ್ಲ ಅಂದೆ. ಅರ್ಧ ದಾರಿಯವರೆಗೂ ಪ್ರತಿ ಕಂಬಕ್ಕೂ ಗೋಡೆ ಸರಿಯುತ್ತಿದ್ದಳು, ನಾನೂ ಸರಿಯುತ್ತಿದ್ದೆ. ಒಮ್ಮೆ, "ಅಕ್ಕ, ಇದೊಂದು ಬನ್ನಿ, ಕಾಲು ನಡುಗ್ತಾ ಇದೆ" ಅಂದಳು. ಬಂದೆ ಬಂದೆ ಅಂದೆ. ಆಮೇಲೆ ಅವಳು ಸರಿಯುವುದನ್ನೇ ಬಿಟ್ಟಳು, ನೇರ ಓಡಿದಳು. ನನಗೂ ಅದೇ ಅನುಕೂಲವಾಯಿತು.

ಚೌಕದ ತಿರುವು. ಅದೇ ತಿರುವು. ನನ್ನ ಕಾಲು ಬೆಳಿಗ್ಗೆ ಮನೆಯಿಂದ ಹೊರಟಾಗ ಇದ್ದ ಹಾಗೇ ಇದ್ದವು. ಗೋಡೆಯ ಪಕ್ಕದಿಂದ ಹೊರಟೆ. ಗುಳಿಗೆಗೆ ತಕ್ಷಣ ಹೊರಬರಲು ಆಗಲಿಲ್ಲ, ಗೋಡೆ ಅಡ್ಡವಾಗಿದ್ದಳು. ನಾನು ತಿರುಗಿ, ವರ್ಷದಿಂದ ಕಾಪಾಡಿಕೊಂಡು ಬಂದ ಮಾತನ್ನು ಎದೆತುಂಬ ಉಸಿರೆಳೆದು ಕೂಗಿದೆ: "ಥ್ಯಾಂಕ್ಸ್ ಕಣ್ರೀ! ನೀವಿಲ್ದಿದ್ರೆ ಆಗ್ತಿರ್ಲಿಲ್ಲ!"

ಗುಳಿಗೆಗೆ ಕೇಳಿಸಿತೋ ಇಲ್ಲವೋ. ಅವಳು ತಲೆ ತಗ್ಗಿಸಿಕೊಂಡು ಓಡುತ್ತಿದ್ದಳು. ತಲೆ ಎತ್ತಿ ನೋಡಿದವಳು ಗೋಡೆ. ನಾನು ಕೊನೆಯವರೆಗೂ ಹಿಂದೆ ನೋಡಲಿಲ್ಲ. ರಿಬ್ಬನ್ನು ಎದೆಗೆ ತಾಗಿದಾಗ ಅಳು ಬಂತು.

ಗುಳಿಗೆ ಎರಡನೆಯವಳು. ಅಂಚೆ ಕಚೇರಿಯ ಹುಡುಗಿ ಕೊನೆಯಲ್ಲಿ ಹಾರಿಕೊಂಡು ಬಂದು ಮೂರನೆಯವಳು. ಗೋಡೆ ನಾಲ್ಕು. ಪಾಪ, ತಿರುವಿನ ಮೇಲೆ ಕಾಲು ಸೋತುಹೋಯಿತಂತೆ, ನಡೆದುಕೊಂಡು ಬಂದಳು. ಮುಂದಿನ ವರ್ಷ ಖಂಡಿತ ಅಂತ ಬೆನ್ನು ತಟ್ಟಿದೆ. ನೀರಿನ ಬಾಟಲಿ ಬಾಯಿಗೆ ಇಟ್ಟುಕೊಂಡೇ ನನ್ನನ್ನು ನೋಡಿದಳು. ಅವಳಿಗೆ ಒಂದು ಒಳ್ಳೆಯ ಟವೆಲು ಕೊಡಿಸಬೇಕು.

ನವೆಂಬರ್ 5

ಇವತ್ತು ಲಾಂಡ್ರಿಯಲ್ಲಿ ಟ್ರೋಫಿಯನ್ನು ಕಿಟಕಿಯಲ್ಲಿಟ್ಟೆ, ಎದುರಿನವಳಿಗೆ ಕಾಣುವ ಹಾಗೆ. ಯಜಮಾನರು ಚಹಾ ತರಿಸಿದರು. ಎಲ್ಲ ಚೆನ್ನಾಗಿತ್ತು.

ಮಧ್ಯಾಹ್ನ ಬೆಡ್‌ಶೀಟು ಮಡಿಸುವಾಗ ಗೋಡೆ ಅಂಚು ಹಿಡಿದು ನಿಂತೇ ಇದ್ದಳು. ಅವಳು ಬರಲಿ ಅಂತ ನಾನೂ ನಿಂತೆ. ನಡುವೆ ಶೀಟು ಜೋಲಾಡುತ್ತಿತ್ತು. ಏನೇ ಅಂದೆ. ಏನಿಲ್ಲ ಅಕ್ಕ ಅಂದಳು, ಕಾಲು ಮಾತ್ರ ಕೀಳಲಿಲ್ಲ. ಯಜಮಾನರು ಈ ಕಡೆ ನೋಡಿದರು ಅಂತ ನಾನೇ ನಡೆದು ಹೋಗಿ ಅಂಚು ಕೂಡಿಸಿದೆ. ದಿನವಿಡೀ ನಾನೇ ನಡೆದೆ. ಇಷ್ಟು ದೂರ ನಡೆಯಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಟವೆಲು ಕೊಡಿಸಿದ್ದೆ. ಅದನ್ನು ಅತ್ತೆಗೆ ಕೊಟ್ಟಿದ್ದಾಳೆ.

ನವೆಂಬರ್ 9, ಭಾನುವಾರ

ಅತ್ತೆಯ ಮಾತ್ರೆ ಇನ್ನೂ ಇತ್ತು, ಆದರೂ ಹೋದೆ. ಗುಳಿಗೆಯ ಮುಖ ನೋಡಬೇಕಾಗಿತ್ತು. ಅವಳ ಹಲಗೆ ಖಾಲಿ. ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಹಲ್ಲುಬಿಟ್ಟು ನಕ್ಕಳು. ರೈಲಿನಲ್ಲಿ ಅಕ್ಕಪಕ್ಕ ಸೀಟು ತೆಗೆದುಕೊಳ್ಳೋಣ ಅಂದಳು. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ, ಸ್ವಂತ ತಂಗಿಯ ಹತ್ತಿರ ಗುಟ್ಟು ಹೇಳುವ ದನಿಯಲ್ಲಿ ಹೇಳಿದಳು:

"ನಾನಾದ್ರೂ ಹೊರಗಿನವರ ಬೆನ್ನು ಹಿಡಿದಿದ್ದೆ ಅಕ್ಕ. ನೀವು ನನಗಿಂತ ಒಂದು ಕೈ ಮೇಲೆ."

ಮೈ ಉರಿದುಹೋಯಿತು. ಎಲ್ಲಿಂದ ಎಲ್ಲಿಗೆ ಹೋಲಿಕೆ! ಅವಳು ಮಾಡಿದ್ದು ಮೋಸ. ನಾನು ಮಾಡಿದ್ದು ಆ ಮೋಸಕ್ಕೆ ಉತ್ತರ. ಇದರ ನಡುವೆ ಗೋಡೆ ಎಲ್ಲಿಂದ ಬಂದಳು? ಮನೆಗೆ ಬಂದು ಇವರಿಗೆ ಹೇಳಿದೆ, ಎಂಥ ನಾಲಿಗೆ ನೋಡಿ ಅಂತ. ಇವರು ಪಂಪಿನ ವಾಷರ್ ಹುಡುಕುತ್ತಾ ಕೂತರು. ಅತ್ತೆ ಮಾತ್ರ, ಕನ್ನಡಿ ಮಾರುವವಳ ಅಂಗಡಿಗೆ ಹೋದ ಹಾಗಿದೆ, ಔಷಧಿ ಅಂಗಡಿಗಲ್ಲ ಅಂದರು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲೂ ಇಲ್ಲ.

ನವೆಂಬರ್ 12

ಡಿಸೆಂಬರಿನ ಓಟಕ್ಕೆ ಅಭ್ಯಾಸ ಶುರು ಮಾಡಬೇಕು. ಬೆಳಿಗ್ಗೆ ಮಹಡಿ ಹತ್ತಿ ಬಾಗಿಲು ತಟ್ಟಿದೆ. ಮೈದುನ ಬಂದು, ಅವಳು ಆಗಲೇ ಹೋದಳು ಅಂದ. ಎಲ್ಲಿಗೆ ಅಂದೆ. ಓಡಲು ಅಂದ.

ಒಬ್ಬಳೇ ಹೋದೆ. ಒಂದೇ ಕಿಲೋಮೀಟರಿಗೆ ವಾಪಸ್ ಬಂದೆ. ಈ ಸಲ ಗಾಳಿ ಯಾಕೋ ಹೋದ ವರ್ಷಕ್ಕಿಂತ ಜೋರಾಗಿದೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ವಾರಗಿತ್ತಿ, ಬೂಟು ಹಾಕಿಕೊಂಡು ನಿಂತಿದ್ದಾಳೆ.

"ಬನ್ನಿ ಅಕ್ಕ, ಲೈಟ್‌ಹೌಸಿಗೆ ಹೋಗಿ ಬರೋಣ" ಅಂದಳು.

ಎಷ್ಟು ಖುಷಿಯಾಯಿತು ಅಂದರೆ ಮುಖವನ್ನೂ ತೊಳೆಯದೆ ಹೊರಟೆ. ಸಿಟ್ಟು ಇಳಿಯಿತು ಅಂದುಕೊಂಡೆ. ಹೋಗುವಾಗ ಗಾಳಿ ಬೆನ್ನಿಗಿತ್ತು, ದಾರಿಯುದ್ದಕ್ಕೂ ನಾನು ಮಾತಾಡಿದೆ. ದೊಡ್ಡ ಊರಿನಿಂದ ನಿನಗೇನು ತರಲಿ ಅಂತಲೂ ಕೇಳಿದೆ. ಏನೂ ಬೇಡ ಅಂದಳು.

ಲೈಟ್‌ಹೌಸಿನಲ್ಲಿ ತಿರುಗಿದೆವು. ಎಂದಿನಂತೆ ಅವಳ ಹಿಂದೆ ಹೋಗಲು ನಿಧಾನ ಮಾಡಿದೆ. ಅವಳೂ ನಿಧಾನ ಮಾಡಿದಳು. ಮೊದಲ ಕಂಬ ನಿಮ್ಮದೇ ಅಂದಿದ್ರಲ್ಲ ಅಂದಳು. ನಗುತ್ತಾ ಹೇಳಿದಳು ಅಂತ ಅಂದುಕೊಂಡು ನಾನೂ ನಕ್ಕು ಮುಂದೆ ಹೋದೆ. ಒಂದು ಕಂಬ ತಾನೇ.

ಗಾಳಿ ಬಾಯೊಳಗೆ ನುಗ್ಗಿತು. ಕಣ್ಣು ಬಿಡಲು ಆಗುತ್ತಿರಲಿಲ್ಲ. ಮರಳು ಹಲ್ಲಿಗೆ ಸಿಕ್ಕಿ ಕರಕರ ಅನ್ನುತ್ತಿತ್ತು. ಇಷ್ಟು ತಿಂಗಳು ಇವಳು ಇದನ್ನೇ ಕುಡಿದುಕೊಂಡು ಓಡಿದಳೇ ಅಂತ ಒಂದು ಸಲ ಅನ್ನಿಸಿತು, ಆದರೆ ಅಷ್ಟರಲ್ಲಿ ಕಂಬ ಬಂತು. ನಾನು ಪಕ್ಕಕ್ಕೆ ಸರಿದೆ.

ಅವಳೂ ನನ್ನ ಹಿಂದೆಯೇ ಸರಿದಳು.

ತಿರುಗಿ ನೋಡಿದೆ. ನನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿ, ಹಿಮ್ಮಡಿ ತುಳಿಯದ ಹಾಗೆ, ಸರಿಯಾದ ಪಕ್ಕಕ್ಕೆ ಓಡುತ್ತಿದ್ದಳು. ಎಲ್ಲಿ ಕಲಿತಳೋ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ಮುಂದಿನ ಕಂಬಕ್ಕೆ, ಅಕ್ಕ" ಅಂದಳು.

ಚೌಕದವರೆಗೂ ಅವಳ ಉಸಿರು ನನ್ನ ಕುತ್ತಿಗೆಯ ಮೇಲಿತ್ತು. ಒಮ್ಮೆಯೂ ಏರಲಿಲ್ಲ. ತಿರುವಿನಲ್ಲಿ ಅವಳು ದಾಟಿ ಹೋಗುತ್ತಾಳೆ ಅಂತ ಕಾದೆ, ಹೋದರೆ ಸಾಕು ಅಂತಲೂ ಅನ್ನಿಸಿತು. ಹೋಗಲಿಲ್ಲ. ನನ್ನ ಹಿಂದೆಯೇ ಮನೆಯವರೆಗೆ ಬಂದಳು.

ಕಾಲು ಎತ್ತಿಡಲು ಆಗುತ್ತಿಲ್ಲ. ತುಟಿ ಒಡೆದಿದೆ. ನಾಳೆ ಬೆಳಿಗ್ಗೆಯೂ ಬಾಗಿಲು ತಟ್ಟುತ್ತೇನೆ ಅಂದಿದ್ದಾಳೆ.